ಕೊಕ್ಕರೆ ಬೆಳ್ಳೂರಿನ ಬಾಣಂತನ

ಬೇಸಗೆಯ ರಜೆ ಸಮೀಪಿಸಿತೆಂದರೆ ಪಟ್ಟಣದ ಸಂಸಾರಗಳಲ್ಲಿ ಒಂದು ಸಮಸ್ಯೆ ತಲೆದೋರುವುದು ವಾಡಿಕೆ. ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು? ಮೃಗಾಲಯವನ್ನು ಅವರು ಹಿಂದೆಯೇ ನೋಡಿ ಮುಗಿಸಿರುತ್ತಾರೆ. ಗಿರಿಧಾಮಗಳ ವಸತಿಗೃಹದ ಬಾಡಿಗೆಯನ್ನು ಕೇಳಿದರೆ ಅಲ್ಲಿಯ ಚಳಿ ಮನೆಯ ಯಜಮಾನನಿಗೆ ಇಲ್ಲಿಯೇ ಹತ್ತುತ್ತದೆ. ಅಭಯಾರಣ್ಯಕ್ಕೆ ಹೋಗೋಣವೆಂದರೆ ಪ್ರಾಣಿಗಳು ದರ್ಶನ ಕೊಡುವುದೂ ಬಿಡುವುದೂ ಅವುಗಳ ಚಿತ್ತಕ್ಕೆ ಸೇರಿದ ವಿಷಯ. ಹೀಗಿರುವಾಗ, ಬೆಳಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬಹುದಾದಷ್ಟು ಹತ್ತಿರದಲ್ಲಿ, ಕಾಡುಹಕ್ಕಿಗಳು ಮನುಷ್ಯರ ಮನೆಯ ಸೂರಿನ ಮೇಲೆಯೇ ಸಂಸಾರ ಹೂಡಿರುವ ಊರೊಂದಿದೆ ಎಂದರೆ ಓದುಗರಿಗೆ ಕುತೂಹಲವಾದೀತು. ಆ ಊರೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಚನ್ನಪಟ್ಟಣವನ್ನು ದಾಟಿ ಮದ್ದೂರನ್ನು ಮುಟ್ಟುವ ಮುನ್ನ ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿ ಎಡಕ್ಕೆ ಹೊರಳಿ ಸುಮಾರು 12 ಕಿಲೋಮೀಟರು ಸಾಗಿದರೆ ಈ ಊರು. ಬೆಂಗಳೂರಿನಿಂದ ಒಟ್ಟು 80 ಕಿಲೋಮೀಟರಿನ ಆಸುಪಾಸು. ಹಾದಿಯುದ್ದಕ್ಕೂ ಕಬ್ಬು, ತೆಂಗು, ಹಿಪ್ಪುನೇರಳೆಯ ತೋಟಗಳು. ಊರು ಕಣ್ಣಿಗೆ ಬೀಳುವುದಕ್ಕೆ ಮುಂಚೆ ಅದರ ಸದ್ದು ಕಿವಿಗೆ ಬೀಳುತ್ತದೆ. ಅದಕ್ಕೂ ಮುಂಚೆ ಅದರ ವಾಸನೆ ಮೂಗಿಗೆ ಬಡಿಯುತ್ತದೆ ಎಂಬುದನ್ನು ಮುಚ್ಚಿಡಬೇಕಾದ ಕಾರಣವಿಲ್ಲ.

ಕಳೆದ ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಹೋದವರು ನಾವು ಐದು ಮಂದಿ: ನಾನು, ನನ್ನಾಕೆ, ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಮತ್ತು ನಮ್ಮ ತಾಯಿಯವರು. ಹಕ್ಕಿಗಳನ್ನು ನೋಡುವುದು ನಮ್ಮ ಉದ್ದೇಶವಾಗಿತ್ತು. ಹಕ್ಕಿಗಳಿಗಾಗಿ ತೊಟ್ಟಿ ತೊಳೆಯುವ ಯೋಗವೂ ಮಕ್ಕಳ ಪಾಲಿಗೆ ಬಂದುದು ಅನಿರೀಕ್ಷಿತ.

ಹುಣಿಸೆಮರದ ಬಿಡಾರ

ಈ ಊರಿಗೆ ಮುಖ್ಯವಾಗಿ ಬರುವ ಹಕ್ಕಿಗಳು ಎರಡು. ಒಂದು ಬಣ್ಣದ ಕೊಕ್ಕರೆ: ಹಳದಿಯ ಉದ್ದ ಕೊಕ್ಕು, ಕಿತ್ತಳೆ ಬಣ್ಣದ ಬೋಳು ಮುಖ, ಬಾಲದ ಬಳಿ ಹೋಳಿಯಾಡಿದಂತೆ ಗುಲಾಬಿಯ ಗರಿಗಳು. ಇನ್ನೊಂದು ಹೆಜ್ಜಾರ್ಲೆ. ಹೆಬ್ಬಾವು, ಹೆಮ್ಮರ, ಹೆಜ್ಜೇನುಗಳ ಸಾಲಿನಲ್ಲಿ ನಿಲ್ಲಿಸಿದರೂ ಹೆಸರಿಗಾಗಲಿ ಗಾತ್ರಕ್ಕಾಗಲಿ ಕುಂದು ಬಾರದ ಹಕ್ಕಿ ಇದು. ನಾಲ್ಕರಿಂದ ಆರು ಕಿಲೋ ತೂಕ; ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಕ್ಕಿದ ಅಗಲ; ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲಾಗಿ ಚುಕ್ಕೆಗಳು; ಕೆಳಗೊಂದು ಜೋಲುವ ಚೀಲ. ಆ ಚೀಲ ಮೀನನ್ನು ಕೂಡಿಡುವ ಉಗ್ರಾಣವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಬಲೆ. ನೀರಿನೊಂದಿಗೆ ಮೀನನ್ನು ಮೊಗೆದು, ನೀರನ್ನು ಬಸಿದು, ಮೀನನ್ನು ನುಂಗಿಬಿಡುತ್ತದೆ.

ನೀರಿನ ಮೇಲೆ ದೋಣಿಯಂತೆ ತೇಲುವ, ನೆಲದ ಮೇಲೆ ಗಡಿಗೆ ಹೊತ್ತ ಮುದುಕಿಯಂತೆ ತೂಗಾಡುವ ಈ ಹಕ್ಕಿ ಮೊಟ್ಟೆಯಿಡಲು ಆರಿಸಿಕೊಳ್ಳುವುದು ಮಾತ್ರ ಮರದ ನೆತ್ತಿಯನ್ನು. ಚಳಿಗಾಲ ಮೊದಲಾಗುವಾಗ ಬಂದು, ಊರೊಳಗಿನ ಹುಣಿಸೆಮರಗಳ ಮೇಲೆ ಕಡ್ಡಿಗಳ ಗೂಡನ್ನು ಕಟ್ಟಿ, ಮೂರು ನಾಲ್ಕು ಮೊಟ್ಟೆಯಿಟ್ಟು, ಮರಿಗಳು ಹಾರಬಲ್ಲವಾದ ಮೇಲೆ ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತದೆ. ಮರಿ ಗೂಡಿನಲ್ಲಿ ಕಳೆಯುವ ಅವಧಿ ನಾಲ್ಕು ತಿಂಗಳ ಆಚೀಚೆ. ಅಷ್ಟು ಕಾಲವೂ ತಾಯಿತಂದೆಗಳು ಶಿಂಷಾ ನದಿಗೂ ಸುತ್ತಲಿನ ಕೆರೆಗಳಿಗೂ ಹಾರಿಹೋಗಿ ಮೀನು ತರಬೇಕು. ಮರಿ ತನ್ನ ತಲೆಯನ್ನೇ ತಾಯಿಯ ಚೀಲದೊಳಗೆ ತೂರಿಸಿ ಉಣ್ಣುತ್ತದೆ. ಆ ನೋಟವನ್ನು ಕಂಡ ನನ್ನ ಮಗ, ಮರಿಯನ್ನು ತಾಯಿ ನುಂಗಿಬಿಟ್ಟಿತೆಂದು ಕೂಗಿಕೊಂಡ.

ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞ ಜೆರ್ಡನ್ ಈ ನೆಲೆಯನ್ನು ಕಂಡು ಬರೆದಿದ್ದನು. ಆಮೇಲೆ ಹೊರಜಗತ್ತು ಇದನ್ನು ಮರೆತೇಬಿಟ್ಟಿತು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಮತ್ತೆ ಬೆಳಕಿಗೆ ತಂದರು. ಹೊರಗಿನವರು ಮರೆತಿದ್ದ ಕಾಲದಲ್ಲಿಯೂ ಊರಿನವರು ಮರೆತಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಊರು ಹಿಂದೆ ನದಿಯ ದಡದಲ್ಲಿತ್ತೆಂದೂ, ಪ್ಲೇಗಿನ ಕಾಲದಲ್ಲಿ ಜನ ಅಲ್ಲಿಂದೆದ್ದು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದುವೆಂದೂ ಅಲ್ಲಿಯ ಹಿರಿಯರು ಹೇಳುತ್ತಾರೆ.

ಹಕ್ಕಿಯ ನೆಂಟಸ್ತನ ಪುಕ್ಕಟೆಯಾಗಿ ಬರುವುದಲ್ಲ. ಅಂಗಳವೆಲ್ಲ ಹಿಕ್ಕೆ, ಹೆಂಚಿನ ಮೇಲೆ ಸುಣ್ಣ ಬಳಿದಂತಹ ಬಿಳುಪು, ಹಗಲಿರುಳೆನ್ನದೆ ಮರಿಗಳ ಗಲಾಟೆ. ಗೂಡಿರುವ ಮರದಿಂದ ಹುಣಿಸೆಹಣ್ಣನ್ನು ಬಡಿದಿಳಿಸುವಂತಿಲ್ಲ. ಈ ನಷ್ಟಕ್ಕಾಗಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಇಂತಿಷ್ಟು ಹಣ ಕೊಡುವ ಏರ್ಪಾಡು ಮಾಡಿತು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡಿನೊಂದಿಗೆ ಹಿಕ್ಕೆಯನ್ನು ಬೆರೆಸಿ, ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವುದನ್ನು ಜನ ತಾವೇ ಕಂಡುಕೊಂಡರು. ಆದರೂ ಲೆಕ್ಕಾಚಾರವೊಂದರಿಂದಲೇ ಇಷ್ಟನ್ನು ಸಹಿಸಿಕೊಳ್ಳುವುದು ಸಾಧ್ಯವೆ? ನಮ್ಮ ತಾಯಿಯವರು ಜಗಲಿಯ ಮೇಲೆ ಕುಳಿತಿದ್ದ ಹೆಂಗಸೊಬ್ಬರನ್ನು ಇದನ್ನೇ ಕೇಳಿದರು. ಆಕೆ ನಕ್ಕು, “ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದವ್ರೆ ಅಂದ್ಮೇಲೆ, ಅಂಗ್ಳ ಗಲೀಜಾಯ್ತದೆ ಅಂತ ಓಡ್ಸಾಕಾದದಾ, ಅಮ್ಮಾ?” ಎಂದರು.

ಮಾತು ಆಕೆಯೊಬ್ಬರದಲ್ಲ; ಇಡೀ ಊರಿನದು. ಅಲ್ಲಿ ಯಾರನ್ನು ವಿಚಾರಿಸಿದರೂ ಹಕ್ಕಿಗಳು ಹೆರಿಗೆಗೆ ಬಂದ ಹೆಣ್ಣುಮಕ್ಕಳೇ.

ಬಿದ್ದ ಮರಿಗಳು

ಎತ್ತರದ ಗೂಡಿನಲ್ಲಿ ಬೆಳೆಯುವ ಮರಿಗೆ ಆಪತ್ತು ತಪ್ಪಿದ್ದಲ್ಲ. ಒಂದು ಗಾಳಿಯ ಹೊಡೆತ, ಒಡಹುಟ್ಟಿದವುಗಳ ನೂಕಾಟ, ಬಲವಿಲ್ಲದ ರೆಕ್ಕೆಯ ಅವಸರ, ಇವುಗಳಲ್ಲಿ ಯಾವುದೊಂದಾದರೂ ಸಾಕು, ಮರಿ ನೆಲಕ್ಕೆ ಬೀಳುತ್ತದೆ. ಹೆಜ್ಜಾರ್ಲೆಯ ಸ್ವಭಾವ ವಿಚಿತ್ರ. ಗೂಡಿನಲ್ಲಿರುವ ಮರಿಗಾಗಿ ಹಗಲೆಲ್ಲ ದುಡಿಯುವ ತಾಯಿ, ಅದೇ ಮರಿ ನೆಲಕ್ಕೆ ಬಿದ್ದರೆ ಇಳಿದು ಬಂದು ಉಣಿಸುವುದಿಲ್ಲ. ಬಿದ್ದ ಮರಿಗೆ ಉಳಿಯುವುದು ನಾಯಿಯ ಬಾಯಿ, ಇಲ್ಲವೆ ಹಸಿವು.

1990ರ ದಶಕದಲ್ಲಿ ಮೈಸೂರಿನ ನಿಸರ್ಗಪ್ರಿಯರ ನೆರವಿನೊಂದಿಗೆ ಊರಿನ ತರುಣರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಎತ್ತಿ ತಂದು, ತಂತಿಬಲೆಯ ಆವರಣದಲ್ಲಿಟ್ಟು, ಮೀನು ಕೊಟ್ಟು ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುವ ಕೆಲಸ ಹೀಗೆ ನೆಲೆಗೊಂಡಿತು. 2007ರಲ್ಲಿ ಈ ಪ್ರದೇಶವನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಜನರು ವಾಸವಾಗಿರುವ ಊರೇ ಹಕ್ಕಿಗಳ ರಕ್ಷಿತ ನೆಲೆಯೂ ಆಗಿರಬಹುದೆಂಬುದನ್ನು ಕಾನೂನು ಒಪ್ಪಿಕೊಂಡಂತಾಯಿತು.

ಇಷ್ಟೆಲ್ಲ ಆರೈಕೆ ಕೆಲವು ಮರಿಗಳಿಗಾಗಿ ಏಕೆ ಎಂದು ಕೇಳುವವರಿದ್ದಾರೆ. ಬರ್ಮಾ ದೇಶದ ಸಿತ್ತಾಂಗ್ ನದಿಯ ಬಯಲಿನಲ್ಲಿ 1877ರಲ್ಲಿ ಓಟ್ಸ್ ಎಂಬ ಪಕ್ಷಿಶಾಸ್ತ್ರಜ್ಞನು ಇದೇ ಹೆಜ್ಜಾರ್ಲೆಯ ಮಹಾನೆಲೆಯೊಂದನ್ನು ಕಂಡನು. ಲಕ್ಷಲಕ್ಷ ಸಂಖ್ಯೆಯಲ್ಲಿ ಹಕ್ಕಿಗಳಿದ್ದ ಆ ನೆಲೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಇಲ್ಲವಾಗಿಹೋಯಿತು. ಲಕ್ಷಗಳೇ ಹೀಗೆ ಕರಗಿದ ಮೇಲೆ, ನೂರರ ಲೆಕ್ಕದಲ್ಲಿ ಬರುವ ಊರಿನಲ್ಲಿ ಒಂದೊಂದು ಮರಿಯೂ ಗಣನೆಗೆ ಬರುತ್ತದೆ. ನಮ್ಮ ಊರಿಗೂ ಇಂತಹ ಭಯ ಬಂದು ಹೋಗಿದೆ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಬೆಳ್ಳೂರಿನಲ್ಲಿ ಬಲಿತ ಹೆಜ್ಜಾರ್ಲೆಗಳೇ ಹತ್ತಾರು ಸಂಖ್ಯೆಯಲ್ಲಿ ಮರದಿಂದ ಉರುಳಿ ಸತ್ತುವು. ಪರೀಕ್ಷಿಸಿದಾಗ ಅವುಗಳ ಒಡಲಲ್ಲಿ ದುಂಡುಹುಳುಗಳ ಬಾಧೆ ಕಂಡುಬಂದಿತು. ಇಂತಹ ಹುಳುಗಳು ಹಕ್ಕಿಯ ಹೊಟ್ಟೆಗೆ ಸೇರುವುದು ಅದು ತಿನ್ನುವ ಮೀನಿನ ಮೂಲಕ. ಮರವೊಂದನ್ನು ಕಾದರೆ ಸಾಲದು, ಕೆರೆಯನ್ನೂ ಕಾಯಬೇಕು ಎಂಬ ಪಾಠ ಆ ವರ್ಷ ದುಬಾರಿಯಾಗಿ ದೊರೆಯಿತು.

ಮಕ್ಕಳಿಗೆ ದೊರೆತ ಕೆಲಸ

ನಾವು ಹೋದಾಗ ಆವರಣದಲ್ಲಿ ಮೂರು ಮರಿಗಳಿದ್ದುವು. ಎರಡು ದೊಡ್ಡವು, ಕೊಕ್ಕು ತಟ್ಟುತ್ತ ಠೀವಿಯಿಂದ ಓಡಾಡುತ್ತಿದ್ದುವು. ಮೂರನೆಯದು ಹಿಂದಿನ ದಿನವಷ್ಟೇ ಬಿದ್ದದ್ದು. ಮೈತುಂಬ ಬಿಳಿಯ ನವಿರು. ಮೂಲೆಯಲ್ಲಿ ಕತ್ತು ಮುದುರಿ ಕುಳಿತಿತ್ತು. ಅವುಗಳನ್ನು ನೋಡಿಕೊಳ್ಳುತ್ತಿದ್ದ ಊರಿನ ತರುಣ ನನ್ನ ಮಕ್ಕಳು ತಂತಿಬಲೆಗೆ ಮುಖವೊತ್ತಿ ಅರ್ಧ ಗಂಟೆ ಕದಲದೆ ನಿಂತದ್ದನ್ನು ಕಂಡು, “ಸುಮ್ಕೆ ನಿಂತ್ಕಂಡಿರೋ ಬದ್ಲು ಒಸಿ ಕೆಲ್ಸ ಮಾಡ್ತೀರಾ?” ಎಂದನು. ಬೇಡವೆನ್ನುವ ಮಕ್ಕಳುಂಟೆ!

ಕೆಲಸವೇನೆಂದರೆ ಹಕ್ಕಿಯ ಮೈದಡವುವುದಲ್ಲ; ಮೀನಿನ ತೊಟ್ಟಿಯನ್ನು ತೊಳೆಯುವುದು. ಮಗ ತೆಂಗಿನನಾರಿನಿಂದ ಪಾಚಿಯನ್ನು ಉಜ್ಜಿದ. ಮಗಳು ಕೊಡಪಾನದಲ್ಲಿ ನೀರು ತಂದಳು. ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತಲು ಮೂರು ಬಾರಿ ಕರೆಸಿಕೊಳ್ಳುವ ಈ ಇಬ್ಬರ ಶ್ರದ್ಧೆಯನ್ನು ನೋಡಿ ನನ್ನಾಕೆ ಬೆರಗಾದಳು. ಅನಂತರ ಬಂದುದು ಮೀನಿನ ಬುಟ್ಟಿ.

ನಮ್ಮದು ಸಸ್ಯಾಹಾರದ ಮನೆ. ಮಕ್ಕಳು ಮೀನನ್ನು ಗಾಜಿನ ತೊಟ್ಟಿಯಲ್ಲಿ ನೋಡಿದ್ದರೇ ಹೊರತು ಕೈಯಲ್ಲಿ ಹಿಡಿದವರಲ್ಲ. ಮಗಳು ಬುಟ್ಟಿಯ ಮುಂದೆ ತಡೆದು ನಿಂತು ಅಜ್ಜಿಯ ಮುಖವನ್ನು ನೋಡಿದಳು. ನಾನೂ ನೋಡಿದೆ. ಏಕಾದಶಿಯನ್ನು ಇಂದಿಗೂ ಬಿಡದ ನಮ್ಮ ತಾಯಿಯವರು ಒಂದು ಕ್ಷಣ ಯೋಚಿಸಿ, “ಹಸಿದ ಕೂಸಿಗೆ ಅದರ ಆಹಾರ ಕೊಡುವುದರಲ್ಲಿ ಮೈಲಿಗೆ ಏನು ಬಂತು? ಕೊಡು. ಮನೆಗೆ ಹೋಗಿ ಸ್ನಾನ ಮಾಡಿದರಾಯಿತು” ಎಂದರು. ಮಗಳು ಒಂದೊಂದೇ ಮೀನನ್ನು ಬಾಲ ಹಿಡಿದು ತೊಟ್ಟಿಗೆ ಹಾಕಿದಳು. ದೊಡ್ಡ ಮರಿಗಳು ನುಗ್ಗಿ ಬಂದು ಮೊಗೆದು ನುಂಗಿದುವು. ಐದಾರು ಮೀನು ಹಾಕಿದ ಮೇಲೆ ಆಕೆ ಮೆಲ್ಲನೆ ಕೇಳಿದಳು:

“ಅಣ್ಣಾ, ಹಕ್ಕಿಯನ್ನು ನಾವು ಕಾಪಾಡುತ್ತೇವೆ. ಮೀನನ್ನು ಯಾರು ಕಾಪಾಡುತ್ತಾರೆ?”

ತರುಣ ಸುಲಭವಾಗಿ ನಕ್ಕುಬಿಡಲಿಲ್ಲ. “ಕೆರೇಲಿದ್ದಿದ್ರೂ ಇದು ಮೀನ್ನೇ ತಿಂತಿತ್ತು ಕಣವ್ವ. ಬೇರೆ ಏನ್ ಕೊಟ್ರೂ ಬದ್ಕಾಕಿಲ್ಲ. ಅದ್ಕೇ ಎಷ್ಟ್ ಬೇಕೋ ಅಷ್ಟೇ ತತ್ತೀವಿ, ಒಂದೂ ದಂಡ ಮಾಡಾಕಿಲ್ಲ” ಎಂದನು. ಅಹಿಂಸೆಯನ್ನು ಕುರಿತು ತರಗತಿಯಲ್ಲಿ ಎಷ್ಟೋ ಬಾರಿ ಮಾತನಾಡಿರುವ ನಾನು ಅದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ಕೊಡಬಲ್ಲೆನೆ? ಒಂದು ಜೀವವನ್ನು ಪೋಷಿಸಲು ಹೊರಟವರು ಈ ಪ್ರಶ್ನೆಯನ್ನು ಎದುರಿಸಲೇಬೇಕು. ಹತ್ತು ವರ್ಷಕ್ಕೇ ಎದುರಿಸಿದರೆ ನಷ್ಟವೇನೂ ಇಲ್ಲ.

ಚಿಕ್ಕ ಮರಿ ತೊಟ್ಟಿಯ ಬಳಿಗೆ ಬರಲೇ ಇಲ್ಲ. ತರುಣ ಅದರ ಕೊಕ್ಕನ್ನು ಬಿಡಿಸಿ ಒಂದು ಸಣ್ಣ ಮೀನನ್ನು ಒಳಗಿಟ್ಟನು. ಅದು ಹೊರಗೆ ಚೆಲ್ಲಿತು. ಮತ್ತೆ ಇಟ್ಟನು, ಮತ್ತೆ ಚೆಲ್ಲಿತು. ಮೂರನೆಯ ಬಾರಿ ಕತ್ತನ್ನು ನೀವಿ ಒಂದಿಷ್ಟು ಹೊತ್ತು ಹಿಡಿದುಕೊಂಡಾಗ ಹೇಗೋ ನುಂಗಿತು. ಇದನ್ನು ನೋಡುತ್ತಿದ್ದ ಮಗ ತಡೆಯಲಾರದೆ ಕೈಚಾಚಿದ. ತರುಣ ಅವನ ಕೈಯನ್ನು ಮೃದುವಾಗಿ ಹಿಂದಕ್ಕೆ ಸರಿಸಿ ಹೇಳಿದನು: “ಮುಟ್ಬ್ಯಾಡ ಮಗಾ. ಮನುಷ್ಯರ ಕೈ ರೂಢಿಯಾಗೋದ್ರೆ ನಾಳೀಕೆ ಕಂಡೋರ ಹತ್ರಕ್ಕೆಲ್ಲ ಹೋಯ್ತದೆ. ಎಲ್ಲಾರೂ ನಿನ್ನಂಗೇ ಇರಾಕಿಲ್ಲ.”

ಮಗನಿಗೆ ಸಮಾಧಾನವಾಗಲಿಲ್ಲ. ಮರಿಯನ್ನು ನಮ್ಮ ಮನೆಗೆ ಒಯ್ಯೋಣ, ಸ್ನಾನದ ಮನೆಯ ತೊಟ್ಟಿಯಲ್ಲಿ ಬಿಡೋಣ, ತನ್ನ ಹಾಸಿಗೆಯನ್ನೇ ಕೊಡುತ್ತೇನೆ ಎಂದು ಹಟ ಹಿಡಿದ. ಅವನನ್ನು ಒಪ್ಪಿಸಿದವರು ಅಜ್ಜಿ. “ನಿಮ್ಮತ್ತೆ ಪಾಪುವನ್ನು ಹೆರುವುದಕ್ಕೆ ನಮ್ಮ ಮನೆಗೆ ಬಂದಿದ್ದಳಲ್ಲ, ನೆನಪಿದೆಯೇ? ಐದು ತಿಂಗಳು ಇಟ್ಟುಕೊಂಡು ಆಮೇಲೆ ಏನು ಮಾಡಿದೆವು?” “ಕಳುಹಿಸಿದೆವು.” “ಏಕೆ, ಇಟ್ಟುಕೊಳ್ಳಬಾರದಾಗಿತ್ತೇ?” ಮಗ ಯೋಚಿಸಿ, “ಅವರ ಮನೆ ಬೇರೆ ಇದೆಯಲ್ಲ” ಎಂದ. ಅಜ್ಜಿ ಕೆರೆಯ ದಿಕ್ಕಿಗೆ ಬೆರಳು ತೋರಿಸಿ ಸುಮ್ಮನಾದರು.

ಉಳಿದವು, ಉಳಿಯದ್ದು

ಹೊರಡುವಾಗ ತರುಣನ ದೂರವಾಣಿಯ ಸಂಖ್ಯೆಯನ್ನು ಪಡೆದುಕೊಂಡಿದ್ದೆ. ಎರಡು ವಾರ ಮಕ್ಕಳ ಕಾಟವನ್ನು ತಾಳಿಕೊಂಡು, ಒಂದು ಸಂಜೆ ಕರೆಮಾಡಿದೆ. “ದೊಡ್ಡವೆರಡೂ ಹಾರೋದ್ವು ಮೇಷ್ಟ್ರೇ. ನಾಕ್ ದಿನ ಮರದ ಮ್ಯಾಲೆ ಬಂದ್ ಕೂರ್ತಿದ್ವು, ಈಗ ಅದೂ ಇಲ್ಲ. ಚಿಕ್ಕುದು ಉಳೀಲಿಲ್ಲ. ನೀವು ಹೋದ ಮೂರನೇ ದಿನ...” ಎಂದನು. ವರ್ಷ ವರ್ಷವೂ ಇದನ್ನು ಕಾಣುತ್ತಿರುವವನ ಧ್ವನಿಯೂ ಒಂದಿಷ್ಟು ತಗ್ಗಿತ್ತು.

ಮಗನಿಗೆ ಇದನ್ನು ಹೇಳಬೇಕೆ ಎಂಬುದು ಮನೆಯಲ್ಲಿ ಚರ್ಚೆಗೆ ಬಂದಿತು. ಮೂರೂ ಹಾರಿಹೋದುವೆಂದರೆ ಅವನಿಗೆ ಸಂತೋಷವಾಗುತ್ತದೆ, ಕೇಡೇನು ಎಂದೆ ನಾನು. ನನ್ನಾಕೆ ಒಪ್ಪಲಿಲ್ಲ. “ಅವನು ನಿಜವಾದ ಕೆಲಸ ಮಾಡಿದ್ದಾನೆ. ಸುಳ್ಳು ಫಲವನ್ನು ಏಕೆ ಕೊಡಬೇಕು?” ಎಂದಳು. ಹೇಳಿದೆವು. ಅವನು ಅತ್ತ. ಬಹಳ ಹೊತ್ತಿನ ಮೇಲೆ, “ಹಾಗಾದರೆ ನಾನು ತೊಟ್ಟಿ ತೊಳೆದದ್ದು ದಂಡವೇ?” ಎಂದು ಕೇಳಿದ. ಉತ್ತರ ಕೊಟ್ಟವಳು ಅವನ ಅಕ್ಕ: “ಹಾರಿಹೋದ ಎರಡೂ ಅದೇ ತೊಟ್ಟಿಯಿಂದಲೇ ಅಲ್ಲವೇನೋ ತಿಂದದ್ದು?”

ಎರಡು ಬಗೆಯ ಆಶ್ರಯ

ವನ್ಯಜೀವಿಗಳ ಆರೈಕೆಯಲ್ಲಿ ಎರಡು ಬಗೆಯುಂಟು. ಮರಳಿ ಹೋಗಲಾರದ ಪ್ರಾಣಿಗಳಿಗೆ ಕೊಡುವ ಆಶ್ರಯ ಒಂದು ಬಗೆ. ಬೆಂಗಳೂರಿನ ಬನ್ನೇರುಘಟ್ಟದಲ್ಲಿರುವ ಕರಡಿಗಳ ಪುನರ್ವಸತಿ ಕೇಂದ್ರ ಇದಕ್ಕೆ ನಿದರ್ಶನ. ಮೂತಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯವರು ಅರಣ್ಯ ಇಲಾಖೆಯೊಂದಿಗೆ ಸೇರಿ ಅಲ್ಲಿಗೆ ತಂದರು. ಅವುಗಳನ್ನು ಕುಣಿಸುತ್ತಿದ್ದ ಕಲಂದರ್ ಜನರಿಗೆ ಬೇರೆ ಜೀವನೋಪಾಯವನ್ನು ಒದಗಿಸಿಕೊಟ್ಟುದರಿಂದಲೇ ಇದು ಸಾಧ್ಯವಾಯಿತು. 2009ರ ಹೊತ್ತಿಗೆ ಈ ದೇಶದ ಬೀದಿಗಳಲ್ಲಿ ಕರಡಿಯ ಕುಣಿತ ಬಹುಮಟ್ಟಿಗೆ ಕೊನೆಗೊಂಡಿತು. ಮರಿಯಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು, ಹಲ್ಲು ಕಿತ್ತುಸಿಕೊಂಡ ಕರಡಿ ಕಾಡಿನಲ್ಲಿ ಬದುಕಲಾರದು. ಅದಕ್ಕೆ ಕಡೆಯವರೆಗೂ ಮನುಷ್ಯನೇ ಗಂಜಿ ಹಣ್ಣುಗಳನ್ನು ಒದಗಿಸಬೇಕು. ಅದು ಮನುಷ್ಯ ತೀರಿಸಲೇಬೇಕಾದ ಸಾಲ.

ಬೆಳ್ಳೂರಿನದು ಎರಡನೆಯ ಬಗೆ. ಇಲ್ಲಿ ಆರೈಕೆಯ ಗುರಿ ಅಗಲಿಕೆ. ಮರಿ ಸಾಕಿದವನನ್ನು ಎಷ್ಟು ಬೇಗ ಮರೆಯುತ್ತದೆಯೋ ಕೆಲಸ ಅಷ್ಟು ಚೆನ್ನಾಗಿ ಆಯಿತೆಂದು ಅರ್ಥ. ಮಕ್ಕಳು ಪ್ರಾಣಿಗಳನ್ನು ಪ್ರೀತಿಸಲು ಯಾರೂ ಕಲಿಸಬೇಕಾಗಿಲ್ಲ. ಅಪ್ಪಿಕೊಳ್ಳದೆ ಪ್ರೀತಿಸುವುದನ್ನು ಮಾತ್ರ ಕಲಿಸಬೇಕಾಗುತ್ತದೆ. ಅದನ್ನು ಕಲಿಸಲು, ಹೆಣ್ಣುಮಕ್ಕಳನ್ನು ಉಡಿತುಂಬಿ ಕಳುಹಿಸಿ ರೂಢಿಯಿರುವ ಊರಿಗಿಂತ ತಕ್ಕ ಪಾಠಶಾಲೆ ಎಲ್ಲಿದೆ?

ಹೋಗುವವರಿಗೆ ಎರಡು ಮಾತು

ಜನವರಿಯಿಂದ ಏಪ್ರಿಲ್‌ವರೆಗೆ ಬೆಳ್ಳೂರಿಗೆ ಹೋಗಲು ಪ್ರಶಸ್ತವಾದ ಕಾಲ. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು. ಗೂಡಿರುವ ಮರಗಳು ಜನರ ಹಿತ್ತಲಿನವು; ಕೇಳದೆ ಒಳಹೊಗುವುದು ಸಭ್ಯತೆಯಲ್ಲ. ಪಟಾಕಿ, ಗದ್ದಲ, ಕಲ್ಲೆಸೆತ ಕೂಡದು. ಆವರಣದಲ್ಲಿ ಮರಿಗಳು ಇರಬಹುದು, ಇಲ್ಲದಿರಬಹುದು. ಮಕ್ಕಳಿಗೆ ಕೆಲಸ ಕೊಡುವುದೂ ಬಿಡುವುದೂ ಅಲ್ಲಿಯವರ ಇಷ್ಟ. ಬಿದ್ದ ಮರಿಗಳಿಲ್ಲದಿದ್ದರೆ ಸಂತೋಷವನ್ನೇ ಪಡಬೇಕು.

ಬೆಳ್ಳೂರಿಗೆ ಹೋಗಲಾಗದಿದ್ದರೂ ಪಟ್ಟಣದ ಮನೆಯ ಅಂಗಳದಲ್ಲಿಯೇ ಇಂತಹ ಸಂದರ್ಭ ಬರುವುದುಂಟು. ನೆಲದ ಮೇಲೆ ಕಾಣುವ ಹಕ್ಕಿಮರಿಗಳೆಲ್ಲ ತಬ್ಬಲಿಗಳಲ್ಲ. ಗರಿ ಮೂಡಿದ ಪಿಕಳಾರ, ಮೈನಾಗಳ ಮರಿಗಳು ಹಾರಲು ಕಲಿಯುವಾಗ ನೆಲಕ್ಕಿಳಿಯುವುದು ಸಹಜ. ಅವುಗಳ ತಾಯಿ ಹತ್ತಿರದಲ್ಲಿಯೇ ಇದ್ದು ಗುಟುಕು ಕೊಡುತ್ತದೆ. ಬೆಕ್ಕು ನಾಯಿಗಳನ್ನು ದೂರವಿಟ್ಟು ಮರೆಯಿಂದ ಗಮನಿಸುವುದೇ ಅಲ್ಲಿ ನೆರವು. ಗಾಯಗೊಂಡ ಹಕ್ಕಿಯಾದರೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬಾಯಿಗೆ ಹಾಲು ನೀರು ಸುರಿಯದೆ, ಕತ್ತಲಿರುವ ನಿಶ್ಶಬ್ದ ಸ್ಥಳದಲ್ಲಿರಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಬೆಂಗಳೂರಿನವರಿಗೆ ಕೆಂಗೇರಿಯ ಬಳಿ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ. ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಒಪ್ಪುವುದಿಲ್ಲ. ಆ ಪೆಟ್ಟಿಗೆಯನ್ನು ಹೊತ್ತು ನಡೆಯುವ ಕೆಲಸವನ್ನು ಮಕ್ಕಳಿಗೇ ಬಿಡಿ. ಅಲುಗಾಡಿಸದೆ ಹೇಗೆ ನಡೆಯುತ್ತಾರೆಂಬುದನ್ನು ನೀವೇ ನೋಡುವಿರಿ.